ಎಂಸಿ ಲೈಸೆನ್ಸ್ ಕೋರ್ಸ್: ಕಾರ್ಡ್ ಸಿಗುತ್ತದೆ, ಮೂರನೇ ಟ್ರೇಲರ್ ಸಿಗುವುದಿಲ್ಲ

ಆಸ್ಟ್ರೇಲಿಯಾದಲ್ಲಿ ರೋಡ್ ಟ್ರೇನ್ (ಒಂದರ ಹಿಂದೊಂದು ಟ್ರೇಲರ್ ಎಳೆಯುವ ಉದ್ದನೆಯ ಟ್ರಕ್) ಓಡಿಸುವ ಆಸೆ ಇದ್ದರೆ ಎಂಸಿ ಲೈಸೆನ್ಸ್, ಅಂದರೆ ಮಲ್ಟಿ ಕಾಂಬಿನೇಶನ್, ಬೇಕೇ ಬೇಕು. ಅದಕ್ಕೂ ಮೊದಲು ಎಚ್‌ಆರ್ (ಹೆವಿ ರಿಜಿಡ್) ಅಥವಾ ಎಚ್‌ಸಿ (ಹೆವಿ ಕಾಂಬಿನೇಶನ್) ಲೈಸೆನ್ಸ್ ಕನಿಷ್ಠ ಒಂದು ವರ್ಷ ಕೈಯಲ್ಲಿರಬೇಕು. ನಾನು ಅಡಿಲೇಡ್ ಕಡೆಯ ಒಂದು ಸ್ಕೂಲಿನಲ್ಲಿ ಈ ಕೋರ್ಸ್ ಮಾಡಿದೆ. ಹೆಸರು ಬೇಡ ಬಿಡಿ, ಬೇರೆ ಕಡೆ ಮಾಡಿದ ಗೆಳೆಯರು ಹೇಳುವುದೂ ಇದೇ ಕಥೆ. ಫೀಸು ಎರಡು ಸಾವಿರ ಡಾಲರ್ ಹತ್ತಿರ. ಐದರಲ್ಲಿ ಮೂರು ಸ್ಟಾರ್ ಕೊಡುತ್ತೇನೆ, ಅದರಲ್ಲಿ ಎರಡು ಕಲಿಸಿದ ಮೇಷ್ಟ್ರಿಗೆ.

ನನ್ನ ಮುಖ್ಯ ತಕರಾರು ಒಂದೇ. ಕಲಿಸುವುದೂ ಬಿ-ಡಬಲ್ ಮೇಲೆ, ಟೆಸ್ಟೂ ಬಿ-ಡಬಲ್ ಮೇಲೆ. ಎರಡು ಟ್ರೇಲರ್, ಹೆಚ್ಚೆಂದರೆ 26 ಮೀಟರ್. ಪಾಸಾದವನು ಅದೇ ಕಾರ್ಡ್ ಹಿಡಿದು 53.5 ಮೀಟರ್ ಉದ್ದದ ಟ್ರಿಪಲ್, ಅಂದರೆ ಮೂರು ಟ್ರೇಲರಿನ ರೋಡ್ ಟ್ರೇನ್, ಹತ್ತಿದರೂ ಕಾನೂನು ಬೇಡ ಅನ್ನುವುದಿಲ್ಲ! ಆದರೆ ಎರಡು ಗಾಡಿಗಳ ಸ್ವಭಾವವೇ ಬೇರೆ. ಬಿ-ಡಬಲ್‌ನಲ್ಲಿ ಹಿಂದಿನ ಟ್ರೇಲರ್ ಮುಂದಿನದರ ಬೆನ್ನ ಮೇಲಿರುವ ಫಿಫ್ತ್ ವೀಲ್ (ಟ್ರೇಲರ್ ಜೋಡಿಸುವ ತಟ್ಟೆ) ಮೇಲೆ ಕೂತಿರುತ್ತದೆ, ಹಾಗಾಗಿ ಒಂದು ವಾಲಿದರೆ ಇನ್ನೊಂದು ತಡೆಯುತ್ತದೆ. ಟ್ರಿಪಲ್‌ನಲ್ಲಿ ಪ್ರತಿ ಟ್ರೇಲರ್ ಮಧ್ಯೆ ಒಂದು ಡಾಲಿ (ಹಿಂದಿನ ಟ್ರೇಲರಿನ ಮುಂಭಾಗ ಹೊರುವ ಚಕ್ರದ ಗಾಡಿ), ಅದಕ್ಕೊಂದು ಡ್ರಾಬಾರ್ (ಎಳೆಯುವ ಕಂಬಿ), ಅಂದರೆ ತಿರುಗುವ ಕೀಲುಗಳು ಜಾಸ್ತಿ. ಮುಂದೆ ಸ್ಟೀರಿಂಗ್ ಸ್ವಲ್ಪ ಜೋರಾಗಿ ಎಳೆದರೂ ಆ ಅಲುಗಾಟ ಹಿಂದೆ ಹೋಗ್ತಾ ಹೋಗ್ತಾ ಬೆಳೆದು, ಕೊನೆಯ ಟ್ರೇಲರ್ ಚಾಟಿಯ ತುದಿಯಂತೆ ಬೀಸುತ್ತದೆ. ಇದನ್ನು ಮೇಷ್ಟ್ರು ಬೋರ್ಡಿನ ಮೇಲೆ ಚೆನ್ನಾಗಿಯೇ ಬರೆದು ತೋರಿಸಿದರು. ಬೋರ್ಡಿನ ಮೇಲೆ ಮಾತ್ರ.

ಅವರ ಬಗ್ಗೆ ಹೇಳಲೇಬೇಕು. ವರ್ಷಗಟ್ಟಲೆ ಉತ್ತರದ ಕಡೆ ದನ ಸಾಗಿಸಿದ ಮನುಷ್ಯ. ಕೋರ್ಸಿನ ಪುಸ್ತಕದಲ್ಲಿ ಇಲ್ಲದ್ದನ್ನೆಲ್ಲ ಟೀ ಟೈಮಲ್ಲಿ ಹೇಳುತ್ತಿದ್ದರು. ಕಾಂಗರೂ ಅಡ್ಡ ಬಂದರೆ ತಪ್ಪಿಸಲು ಹೋಗಬೇಡ, ಟ್ರಕ್ ಮುಂದಿನ ಕಬ್ಬಿಣದ ಬುಲ್ ಬಾರ್ ಇರುವುದೇ ಅದಕ್ಕೆ. ರಸ್ತೆಯಲ್ಲಿ ಸತ್ತ ಪ್ರಾಣಿ ತಿನ್ನುತ್ತಿರುವ ದೊಡ್ಡ ಹದ್ದು ಕಂಡರೆ ಮೊದಲೇ ಹಾರ್ನ್ ಹೊಡಿ, ಅದಕ್ಕೆ ಬೇಗ ಮೇಲೇಳಲು ಆಗುವುದಿಲ್ಲ, ನೇರ ಗ್ಲಾಸಿಗೇ ಬರುತ್ತದೆ. ಒಂದೇ ಲೇನ್ ಟಾರು ಇರುವ ಕಡೆ ಎದುರು ಕಾರು ಬಂದರೆ ನೀನು ಟಾರು ಬಿಡಬೇಡ, ಮಣ್ಣಿಗೆ ಇಳಿದರೆ ಕೊನೆಯ ಟ್ರೇಲರ್ ನಿನ್ನನ್ನೂ ಎಳೆದುಕೊಂಡು ಮಗುಚುತ್ತದೆ. ಟ್ರಕ್ಕಿನವರು ಮಾತಾಡಿಕೊಳ್ಳುವ ರೇಡಿಯೋ, ಯುಎಚ್‌ಎಫ್ ಚಾನೆಲ್ 40ರಲ್ಲಿ ಕಿವಿ ಇಟ್ಟಿರು. ಇವೆಲ್ಲ ಸಿಲಬಸ್ಸಿನಲ್ಲಿ ಇರಬೇಕಾದವು, ಅಲ್ವಾ?

ಜೋಡಿಸುವ ಪಾಠ ಮಾತ್ರ ಬೊಂಬಾಟ್. ಟ್ರಕ್ ಹಿಂದಕ್ಕೆ ತಂದು ಹುಕ್ ಮಾಡಿ, ಇಳಿದು, ಬಗ್ಗಿ, ಟಾರ್ಚ್ ಬಿಟ್ಟು ಕಿಂಗ್‌ಪಿನ್ (ಟ್ರೇಲರ್ ಅಡಿಯ ಕೊಂಡಿ ಗೂಟ) ಸುತ್ತ ಫಿಫ್ತ್ ವೀಲಿನ ದವಡೆ ಮುಚ್ಚಿದೆಯಾ ಅಂತ ಕಣ್ಣಾರೆ ನೋಡಬೇಕು. ಟ್ರೇಲರ್ ಬ್ರೇಕ್ ಹಿಡಿದುಕೊಂಡು ಲೋ ಗೇರಿನಲ್ಲಿ ಮುಂದಕ್ಕೆ ಎಳೆದು ನೋಡುವ ಟಗ್ ಟೆಸ್ಟ್ ಆಗಲೇಬೇಕು. ಏರ್ ಲೈನ್, ಲೈಟು, ಕೊನೆಗೆ ಟ್ರೇಲರಿನ ಆಸರೆ ಕಾಲು ಎತ್ತುವುದು. ಒಂದು ಹೆಜ್ಜೆ ಬಿಟ್ಟರೂ ಮೊದಲಿನಿಂದ ಮಾಡಿಸುತ್ತಿದ್ದರು. ಬೈದುಕೊಂಡೇ ಮಾಡಿದೆ, ಈಗ ಕೈ ತಾನಾಗೇ ಹೋಗುತ್ತದೆ. ವರ್ಕ್ ಡೈರಿ (ಕೆಲಸ, ವಿಶ್ರಾಂತಿಯ ಹೊತ್ತು ಬರೆಯುವ ಪುಸ್ತಕ) ಪಾಠವೂ ಸರಿ ಇತ್ತು: 24 ಗಂಟೆಯಲ್ಲಿ 12 ಗಂಟೆ ಕೆಲಸ, ಗಾಡಿ ನಿಲ್ಲಿಸಿ ಸತತ 7 ಗಂಟೆ ವಿಶ್ರಾಂತಿ, ಇದು ಸ್ಟ್ಯಾಂಡರ್ಡ್ ಲೆಕ್ಕ. ಆದರೆ ಈ ರಾಷ್ಟ್ರೀಯ ಕಾನೂನು ವೆಸ್ಟರ್ನ್ ಆಸ್ಟ್ರೇಲಿಯಾ ಮತ್ತು ನಾರ್ದರ್ನ್ ಟೆರಿಟರಿಯಲ್ಲಿ ನಡೆಯುವುದಿಲ್ಲ, ಅಲ್ಲಿ ಅವರದೇ ನಿಯಮ. ರೋಡ್ ಟ್ರೇನ್ ಜಾಸ್ತಿ ಓಡುವುದೇ ಅಲ್ಲಿ. ಅದಕ್ಕೆ ಕೊಟ್ಟ ಸಮಯ ಒಂದೇ ವಾಕ್ಯ.

ರಿವರ್ಸಿಗೆ ಮಾತ್ರ ಸುಮ್ನೆ ತುಂಬಾ ಹೊತ್ತು ಹೋಯಿತು. ಕೋನ್ ಇಟ್ಟು ಬಿ-ಡಬಲ್ ಹಿಂದಕ್ಕೆ ತಳ್ಳಿಸಿದ್ದೇ ತಳ್ಳಿಸಿದ್ದು. ಡಿಪೋ ಕೆಲಸಕ್ಕೆ ಬೇಕು, ಒಪ್ಪುತ್ತೇನೆ. ಆದರೆ ಟ್ರಿಪಲ್ ರಿವರ್ಸ್ ಮಾಡುವ ಪರಿಸ್ಥಿತಿ ಬಾರದಂತೆ ನೋಡಿಕೊಳ್ಳುವುದೇ ಅದರ ಕೌಶಲ. ತೀರಾ ಬೇಕಾದರೆ ಬಿಚ್ಚಿ ಒಂದೊಂದಾಗಿ ತಳ್ಳುತ್ತಾರೆ. ಆ ಸಮಯದಲ್ಲಿ ಒಂದು ಡಾಲಿ ತಂದು ಜೋಡಿಸಲು ಹೇಳಿಕೊಟ್ಟಿದ್ದರೆ ಎಷ್ಟೋ ಉಪಯೋಗ ಆಗುತ್ತಿತ್ತು.

ಗೇರ್ ಬಾಕ್ಸ್ ವಿಚಾರ ಮೊದಲೇ ಕೇಳಿಕೊಳ್ಳಿ. ಆಟೋಮ್ಯಾಟಿಕ್ ಟ್ರಕ್ಕಿನಲ್ಲಿ ಟೆಸ್ಟ್ ಕೊಟ್ಟರೆ ಲೈಸೆನ್ಸ್ ಮೇಲೆ ಷರತ್ತು ಬೀಳುತ್ತದೆ, ಆಮೇಲೆ 18 ಸ್ಪೀಡಿನ ಮ್ಯಾನುಯಲ್ ಗೇರ್ ಬಾಕ್ಸ್, ರೋಡ್‌ರೇಂಜರ್, ಇರುವ ಗಾಡಿ ಮುಟ್ಟುವ ಹಾಗಿಲ್ಲ. ನಮ್ಮ ಸ್ಕೂಲಿನಲ್ಲಿ ರೋಡ್‌ರೇಂಜರೇ ಇತ್ತು, ಅದೊಂದು ಪುಣ್ಯ.

ಅಡಿಲೇಡ್–ಮೆಲ್ಬರ್ನ್ ಬಿ-ಡಬಲ್ ಓಡಿಸುವವರಿಗೆ ಈ ಕೋರ್ಸ್ ಧಾರಾಳ ಸಾಕು. ಪೋರ್ಟ್ ಆಗಸ್ಟಾ ದಾಟಿ ಉತ್ತರಕ್ಕೆ ಹೋಗುವ ಸ್ಟುವರ್ಟ್ ಹೈವೇ ಹಿಡಿಯುವವರು ಕೆಲಸ ಕೊಡುವ ಕಂಪನಿಯನ್ನು ಮೊದಲು ಹಳಬರ ಜೊತೆ ಟೂ-ಅಪ್ (ಒಂದೇ ಗಾಡಿಯಲ್ಲಿ ಇಬ್ಬರು ಡ್ರೈವರ್) ಕಳಿಸಿ ಅಂತ ಕೇಳಿ. ರಾತ್ರಿ ಬೇಲಿ ಇಲ್ಲದ ರಸ್ತೆಯಲ್ಲಿ ಕಪ್ಪು ದನ ಮಲಗಿರುವುದು, ಪೂರ್ತಿ ಲೋಡಿನ ಗಾಡಿ ನಿಲ್ಲಲು ಎಷ್ಟು ದೂರ ತಗೊಳ್ಳುತ್ತದೆ ಅನ್ನುವುದು, ಇದನ್ನೆಲ್ಲ ಪಕ್ಕದಲ್ಲಿ ಕೂತೇ ಕಲಿಯಬೇಕು. ಸ್ಕೂಲಿಗೆ ಫೋನ್ ಮಾಡಿದಾಗ ಯಾರ್ಡಿನಲ್ಲಿ ಡಾಲಿ ಇದೆಯಾ ಅಂತ ಕೇಳಿ. "ಅದು ಟೆಸ್ಟಿನಲ್ಲಿ ಬರುವುದಿಲ್ಲ" ಅಂದರೆ ಇನ್ನೊಂದು ಸ್ಕೂಲಿಗೆ ಫೋನ್ ಮಾಡಿ.