ಮೇಲ್ಮನವಿ ಬಾಂಡ್: ಪೂರ್ತಿ ಮೊತ್ತವೋ, ಮಿತಿಯೋ?

ಟೆಕ್ಸಾಸ್‌ನಲ್ಲಿ ಹಿಂದೆ ಸಿವಿಲ್ ದಾವೆ ಸೋತವರು ಮೇಲ್ಮನವಿ ಮುಗಿಯುವವರೆಗೆ ಜಪ್ತಿ ತಡೆಯಬೇಕಾದರೆ ತೀರ್ಪಿನ ಪೂರ್ತಿ ಹಣ, ಬಡ್ಡಿ, ಖರ್ಚಿಗೆ ಬಾಂಡ್, ಅಂದರೆ ಮೇಲ್ಮನವಿಯಲ್ಲೂ ಸೋತರೆ ಹಣ ಸಿಗುತ್ತದೆಂಬ ಭದ್ರತೆ, ಕೊಡಬೇಕಿತ್ತು. ಗೆದ್ದವರಿಗೆ ಇದೇ ಗಟ್ಟಿ. ಆದರೆ 1985ರಲ್ಲಿ ತೈಲ ಕಂಪನಿ ಟೆಕ್ಸಾಕೊ ತನ್ನ ಮೇಲೆ ದಾವೆ ಹೂಡಿದ್ದ ಪೆನ್‌ಜಾಯಿಲ್ ಕಂಪನಿಗೆ 1,053 ಕೋಟಿ ಡಾಲರ್ ಕೊಡಬೇಕೆಂದು ಜ್ಯೂರಿ ಹೇಳಿದಾಗ ಅಂಥ ದೈತ್ಯನಿಗೂ ಅಷ್ಟು ಬಾಂಡ್ ಹೊಂದಿಸಲಾಗಲಿಲ್ಲ. 1987ರಲ್ಲಿ, ಮೇಲ್ಮನವಿ ಬಾಕಿಯಿರುವಾಗಲೇ, ದಿವಾಳಿ ರಕ್ಷಣೆ ಕೋರಿತು. ಕೊನೆಗೆ 300 ಕೋಟಿಗೆ ರಾಜಿ.

2003ರ ಕಾನೂನು ಮಿತಿ ತಂದಿತು: ಸೋತವರ ನಿವ್ವಳ ಆಸ್ತಿಯ (ಸಾಲ ಕಳೆದು ಉಳಿದ ಆಸ್ತಿಯ) ಅರ್ಧ ಅಥವಾ 2.5 ಕೋಟಿ ಡಾಲರ್, ಯಾವುದು ಕಡಿಮೆಯೋ ಅದು. ದಂಡರೂಪದ ಪರಿಹಾರ ಲೆಕ್ಕಕ್ಕಿಲ್ಲ.

ನನ್ನ ಒಲವು ಮಿತಿಯ ಕಡೆಗೇ. ಬಾಂಡ್ ಇಲ್ಲವೆಂದು ಮೇಲ್ಮನವಿಯೇ ಸಾಯಬಾರದು. ಆದರೂ ಗೆದ್ದವರ ಕಡೆ ನೋಡಿ: 2 ಲಕ್ಷ ಡಾಲರ್ ನಿವ್ವಳ ಆಸ್ತಿಯಿರುವ ಗುತ್ತಿಗೆದಾರನ ಮೇಲೆ 4 ಲಕ್ಷದ ತೀರ್ಪು ಸಿಕ್ಕರೂ ಭದ್ರತೆ 1 ಲಕ್ಷ ಮಾತ್ರ. ಸೋತವರು ಆಸ್ತಿ ಪರಭಾರೆ ಮಾಡದಂತೆ ಗೆದ್ದವರು ಕೋರ್ಟಿನಿಂದ ತಡೆಯಾಜ್ಞೆ ಕೇಳಬಹುದು. ತಡಮಾಡದೆ ಕೇಳಬೇಕು.