ತಿಂಗಳಿಗೊಮ್ಮೆಯ ಮಾನಸಿಕ ಆರೋಗ್ಯ ಕ್ಲಿನಿಕ್: ಮದ್ದು ಸರಿಯಿದೆ, ಚೀಟಿಯ ಕಿಟಕಿ ಸರಿಯಿಲ್ಲ

ಕೇರಳದ ಮಂಜೇಶ್ವರ ತಾಲೂಕಿನ ಸರಕಾರಿ ಆಸ್ಪತ್ರೆಯೊಂದರಲ್ಲಿ ತಿಂಗಳಿಗೊಮ್ಮೆ ನಡೆಯುವ ಮಾನಸಿಕ ಆರೋಗ್ಯ ಕ್ಲಿನಿಕ್ಕಿಗೆ ನನ್ನ ಚಿಕ್ಕಮ್ಮನನ್ನು ಈವರೆಗೆ ಮೂರು ಬಾರಿ ಕರೆದುಕೊಂಡು ಹೋಗಿದ್ದೇನೆ. ವೈದ್ಯರ ಬಗ್ಗೆ ದೂರಿಲ್ಲ. ಮದ್ದು ಉಚಿತವಾಗಿ ಸಿಗುತ್ತದೆ, ಅವರಿಗೆ ನಿದ್ದೆಯೂ ಮರಳಿದೆ. ನನ್ನ ತಕರಾರು ಚೀಟಿಯ ಕಿಟಕಿಯಿಂದ ವೈದ್ಯರ ಮೇಜಿನವರೆಗಿನ ಹಾದಿಯ ಕುರಿತು.

ಚಿಕ್ಕಮ್ಮನಿಗೆ ಎಪ್ಪತ್ತು ದಾಟಿದೆ, ಕಿವಿ ಮಂದ. ಚಿಕ್ಕಪ್ಪ ತೀರಿಕೊಂಡ ಮೇಲೆ ಮಗನ ಮನೆಯಲ್ಲಿದ್ದಾರೆ. ಕನ್ನಡ, ತುಳು ಬಿಟ್ಟರೆ ಮಲಯಾಳ ತಿಳಿಯದು. ಒಂದೊಂದಾಗಿ ನೋಡಿದರೆ ಇವು ದೊಡ್ಡ ತೊಡಕುಗಳಲ್ಲ, ಆದರೆ ಅಲ್ಲಿ ಒಂದಕ್ಕೊಂದು ಗಂಟು ಬಿದ್ದವು. ಕಿವಿ ಕೇಳಿಸದೆಂದು ಕಿಟಕಿಯವರು ಕಾಯಿಲೆಯ ವಿಚಾರವನ್ನು ಕೂಗಿ ಕೇಳಿದರು. ಸಾಲಿನಲ್ಲಿದ್ದ ನಮ್ಮೂರವರೆಲ್ಲ ತಿರುಗಿ ನೋಡಿದರು. ಭಾಷೆ ತಿಳಿಯದ್ದರಿಂದ ವೈದ್ಯರ ಮುಂದೆ ನಾನೇ ದುಭಾಷಿಯಾದೆ. ನಾನು ಎದುರಿಗಿದ್ದುದರಿಂದ ಚಿಕ್ಕಮ್ಮ ಮನೆಯ ಸುದ್ದಿಯನ್ನೇ ಎತ್ತದೆ, ಮಂಡಿನೋವಿನ ಕತೆ ಹೇಳಿ ಎದ್ದುಬಂದರು. “ಪ್ರಾಯವಾದ ಒಂಟಿ ಹೆಂಗಸರಿಗೆ ಇದೆಲ್ಲ ಇದ್ದದ್ದೇ” ಎಂದು ಸಿಬ್ಬಂದಿಯೊಬ್ಬರು ಹೇಳಿದ್ದು ಸಮಾಧಾನಕ್ಕೇ ಇರಬಹುದು, ಆದರೆ ಎರಡನೆಯ ಬಾರಿ ಅವರನ್ನು ಹೊರಡಿಸಲು ನನಗೆ ಸಾಕುಸಾಕಾಯಿತು.

2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 18ನೆಯ ಸೆಕ್ಷನ್, ಲಿಂಗ, ಜಾತಿ, ಧರ್ಮ, ವರ್ಗ, ಅಂಗವೈಕಲ್ಯ ಮುಂತಾದ ಯಾವ ಕಾರಣಕ್ಕೂ ಭೇದವಿಲ್ಲದೆ ಚಿಕಿತ್ಸೆ ಸಿಗಬೇಕೆನ್ನುತ್ತದೆ. 22ನೆಯದು, ಕಾಯಿಲೆ ಮತ್ತು ಚಿಕಿತ್ಸೆಯ ವಿವರವನ್ನು ಕೇಳುವವರಿಗೆ ಅರ್ಥವಾಗುವ ಭಾಷೆಯಲ್ಲಿ ಮತ್ತು ರೂಪದಲ್ಲಿ ಕೊಡಬೇಕೆನ್ನುತ್ತದೆ. ಭಾಷೆಯೊಂದೇ ಸಾಲದು, ರೂಪವೂ ಬೇಕು ಎಂಬುದು ಚಿಕ್ಕಮ್ಮನಂಥವರನ್ನು ನೋಡಿಯೇ ಬರೆದ ಹಾಗಿದೆ. ಟೆಲಿ ಮಾನಸ್‌ನ 14416 ಎಂಬ ಸರಕಾರಿ ಮಾನಸಿಕ ಆರೋಗ್ಯ ಸಹಾಯವಾಣಿಯಲ್ಲಿ ಕನ್ನಡವೂ ಇದೆ ನಿಜ; ಕಿವಿ ಮಂದವಾದವರು ಫೋನು ಹಿಡಿದು ಮಾಡುವುದೇನು?

ಮೂರನೆಯ ಬಾರಿ ಕನ್ನಡ ಬಲ್ಲ ನರ್ಸ್ ಒಬ್ಬರಿದ್ದರು. ಚಿಕ್ಕಮ್ಮ ಕನ್ನಡ ಓದುತ್ತಾರೆಂದು ತಿಳಿದದ್ದೇ, ಒಳಗಿನ ಕೋಣೆಗೆ ಕರೆದೊಯ್ದು, ಪ್ರಶ್ನೆಗಳನ್ನು ಹಾಳೆಯ ಮೇಲೆ ದೊಡ್ಡಕ್ಷರದಲ್ಲಿ ಬರೆದು ತೋರಿಸಿದರು. ನನ್ನನ್ನು ಹೊರಗೆ ಕೂರಲು ಹೇಳಿದರು. ಮುಕ್ಕಾಲು ಗಂಟೆ ಹಿಡಿಯಿತು. ಅವರು ಏನು ಹೇಳಿಕೊಂಡರೋ ನನಗೆ ಗೊತ್ತಿಲ್ಲ, ಕೇಳಲೂ ಇಲ್ಲ. ಅಂದಿನ ಸೇವೆಗೆ ಪೂರ್ಣ ಅಂಕ ಕೊಡುತ್ತೇನೆ, ಮೊದಲೆರಡಕ್ಕೆ ಅರ್ಧವೂ ಇಲ್ಲ.

ಹೋಗುವವರು ಚೀಟಿ ಮಾಡಿಸುವಾಗಲೇ ಕನ್ನಡ ಬಲ್ಲ ನರ್ಸ್ ಇದ್ದಾರೆಯೇ ಎಂದು ವಿಚಾರಿಸಿಕೊಳ್ಳಿ. ಕಿಟಕಿಯವರು ತಾವಾಗಿ ಹೇಳುವುದಿಲ್ಲ.