ಹಳೇ ಬೀಟಲ್‌ನ ಮೀಟರ್ ನಂಬಬೇಕಾ? ಮೈಲೇಜ್ ತಪಾಸಣೆ ಮಾಡಿಸಿದ ಅನುಭವ

ಇಲ್ಲಿ ಮೈಲೇಜ್ ಅಂದರೆ ಲೀಟರಿಗೆ ಎಷ್ಟು ಕೊಡುತ್ತದೆ ಅನ್ನುವುದಲ್ಲ, ಗಾಡಿ ಇಲ್ಲಿಯವರೆಗೆ ಎಷ್ಟು ಓಡಿದೆ ಅನ್ನುವ ಲೆಕ್ಕ. 1968ರ ಫೋಕ್ಸ್‌ವ್ಯಾಗನ್ ಬೀಟಲ್ ಒಂದಕ್ಕೆ ಮನಸೋತಿದ್ದೆ. ಮೀಟರ್‌ನಲ್ಲಿ 38,000 ಚಿಲ್ಲರೆ ಕಿಲೋಮೀಟರ್. ಮಾರುವವರೂ ಜಾಸ್ತಿ ಓಡಿಸಿಲ್ಲ ಅಂದರು. ಆದರೂ ಹಳೇ ಕಾರುಗಳನ್ನೇ ನೋಡುವ ಮೆಕ್ಯಾನಿಕ್ ಒಬ್ಬರಿಂದ ತಪಾಸಣೆ ಮಾಡಿಸಿದೆ. ಒಳ್ಳೆಯದಾಯಿತು.

ಅವರು ಮೀಟರ್ ಕಡೆ ನೋಡಲೇ ಇಲ್ಲ, ಸೀದಾ ಮುಂದಿನ ಎಡ ಚಕ್ರದ ಹತ್ತಿರ ಕೂತರು. ಬೀಟಲ್‌ನಲ್ಲಿ ಸ್ಪೀಡೋಮೀಟರ್ ಕೇಬಲ್ ತಿರುಗುವುದು ಆ ಚಕ್ರದಿಂದ. ಚಕ್ರದ ನಡುವಿನ ಮುಚ್ಚಳ, ಅಂದರೆ ಗ್ರೀಸ್ ಕ್ಯಾಪ್, ಅದರ ನಡುವೆ ಕೇಬಲ್‌ನ ಚೌಕ ತುದಿ ಇಣುಕುತ್ತದೆ, ಅದಕ್ಕೊಂದು ಸಣ್ಣ ಪಿನ್. ಆ ಪಿನ್ ಕಿತ್ತು ಕೇಬಲ್ ಜಾರಿದರೆ ಕಾರು ಎಷ್ಟು ದೂರ ಹೋದರೂ ಮೀಟರ್ ಅಲ್ಲಾಡುವುದಿಲ್ಲ. ಈ ಕಾರಿನಲ್ಲಿ ಕ್ಯಾಪ್ ತುಕ್ಕು ಹಿಡಿದಿತ್ತು, ಪಿನ್ ಮಾತ್ರ ಹೊಸದಾಗಿ ಹೊಳೆಯುತ್ತಿತ್ತು!

ಆಮೇಲೆ ಚಾಲಕನ ಬಾಗಿಲು ತೆರೆದು ಕೆಳಗಿನಿಂದ ಮೇಲಕ್ಕೆತ್ತಿದರು. ಕಟಕ್ ಅಂತ ಸದ್ದು, ಹಿಂಜ್ ಸವೆದಿದೆ. ಬ್ರೇಕ್ ಪೆಡಲ್‌ನ ರಬ್ಬರ್ ಹೊಸದು, ಕ್ಲಚ್‌ನದು ಒಂದು ಮೂಲೆಯಲ್ಲಿ ಕಬ್ಬಿಣ ಕಾಣುವಷ್ಟು ತೆಳ್ಳಗಾಗಿತ್ತು. ಕೊನೆಗೆ ಬಾಗಿಲಿನ ಕಂಬದಲ್ಲಿ ಅರ್ಧ ಹರಿದ ಆಯಿಲ್ ಬದಲಾವಣೆಯ ಚೀಟಿ ಸಿಕ್ಕಿತು, ಮಸುಕಾದ ಶಾಯಿಯಲ್ಲಿ 91,460. ಈ ಮೀಟರ್‌ಗೆ ಐದೇ ಅಂಕಿ, 99,999 ಆದ ಮೇಲೆ ಮತ್ತೆ ಸೊನ್ನೆಯಿಂದ ಶುರು. ಮೀಟರ್ ಬಿಚ್ಚಿದ ಗುರುತೂ ಇರಲಿಲ್ಲ, ಸುತ್ತಿನ ಉಂಗುರ ಮುಟ್ಟಿದ ಹಾಗಿರಲಿಲ್ಲ. ಅಂದಮೇಲೆ 38,000 ಅಲ್ಲ, 1,38,000, ಅಲ್ವಾ?

ಎಂಜಿನ್ ಕಂಪ್ರೆಷನ್ (ಸಿಲಿಂಡರ್ ಒಳಗಿನ ಒತ್ತಡ) ಚೆನ್ನಾಗಿತ್ತು, ಹಾಗಾದರೆ ಕಡಿಮೆಯೇ ಓಡಿರಬೇಕು ಅಂತ ನಾನು ಅದನ್ನೇ ಹಿಡಿದು ವಾದ ಮಾಡಿದೆ. ಬೀಟಲ್ ಎಂಜಿನ್ ನಾಲ್ಕು ಬೋಲ್ಟ್‌ಗಳಲ್ಲಿ ನಿಂತಿರುತ್ತದೆ, ಬದಲಾಯಿಸಿರುವುದು ತೀರಾ ಸಾಮಾನ್ಯ, ಅದರಿಂದ ಬಾಡಿಯ ಓಟ ತಿಳಿಯುವುದಿಲ್ಲ ಅಂದರು. ಜನರೇಟರ್ ಸ್ಟ್ಯಾಂಡ್ ಕೆಳಗಿನ ಎಂಜಿನ್ ನಂಬರ್ ಒರೆಸಿ ತೋರಿಸಿದರು, ಕಾಗದದಲ್ಲಿದ್ದ ನಂಬರ್ ಬೇರೆ.

ನನಗೆ ತುಂಬ ಹಿಡಿಸಿದ್ದು ವರದಿಯಲ್ಲಿ ಅವರು ಬರೆದ "ಕನಿಷ್ಠ" ಅನ್ನುವ ಮಾತು. ಪಿನ್ ಇಲ್ಲದೆ ಎಷ್ಟು ದಿನ ಓಡಿದೆಯೋ ಯಾರಿಗೂ ಗೊತ್ತಾಗದು, ಸುಮ್ನೆ ಒಂದು ಅಂಕಿ ಕೊಡುವುದಿಲ್ಲ ಅಂದರು. ಬೇಸರ ಒಂದೇ: ವರದಿ ನಾಲ್ಕು ದಿನ ತಡ, ಅಡಿಭಾಗದ ಫೋಟೋಗಳೆಲ್ಲ ಮಬ್ಬು. ಅವನ್ನು ಮತ್ತೆ ಕೇಳಿ ತೆಗೆಸಿಕೊಳ್ಳಿ.

ಕಾರು ಕೊಂಡೆ. 1,38,000 ಓಡಿದ ಗಾಡಿಯ ಬೆಲೆಗೆ.